ನಕ್ಷೆಗೆ ಮೊದಲು ಒಂದು ವಾಕ್ಯ: ಪ್ರಾಜೆಕ್ಟ್ ವರದಿ ಬರೆಯುವವರಿಗೆ ನನ್ನ ನೋಟ್ಸ್

ನನ್ನ ಮೊದಲ ಪ್ರಾಜೆಕ್ಟ್ ವರದಿಯಲ್ಲಿ ಹನ್ನೊಂದು ನಕ್ಷೆಗಳಿದ್ದವು. ಗೈಡ್ ಪುಟ ತಿರುವುತ್ತಾ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿದರು: "ಇದು ಏನು ಹೇಳುತ್ತೆ?" ಏಳಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಬಣ್ಣ ಮಾತ್ರ ಚೆನ್ನಾಗಿತ್ತು.

ಈಗ ಕ್ಯೂಜಿಐಎಸ್ (ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್) ತೆರೆಯುವ ಮೊದಲೇ ನಕ್ಷೆಯ ಕೆಳಗೆ ಬರಬೇಕಾದ ವಾಕ್ಯ ಬರೆದಿಡುತ್ತೇನೆ. "ಶಾಲೆಗಳ ನಕ್ಷೆ" ಅಂತಲ್ಲ. "ಎಂಟು ಶಾಲೆಗಳಲ್ಲಿ __ ಶಾಲೆಗಳಿಗೆ 500 ಮೀಟರ್ ಒಳಗೆ ಬಸ್ ನಿಲ್ದಾಣವಿಲ್ಲ" ಅಂತ. ಅಂಕಿಯ ಜಾಗ ಖಾಲಿ ಇರಲಿ, ಲೆಕ್ಕ ಮುಗಿದ ಮೇಲೆ ತುಂಬಿದರಾಯಿತು. ಯಾವ ಲೇಯರ್ (ನಕ್ಷೆಯ ಪದರ) ಬೇಕು, ಯಾವುದು ಸುಮ್ನೆ ಅಲಂಕಾರ ಅನ್ನುವುದು ಆ ವಾಕ್ಯದಿಂದಲೇ ತಿಳಿಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ಸಿಆರ್‌ಎಸ್. ಅಂದರೆ ಭೂಮಿಯ ಮೇಲಿನ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಪದ್ಧತಿ. ನಾನು ಒಂದು ಜಾಗದ ಸುತ್ತ ಕೇಳಿದಷ್ಟು ದೂರದ ವೃತ್ತ ಎಳೆಯುವ ಬಫರ್ ಟೂಲ್‌ನಲ್ಲಿ 500 ಅಂತ ಹೊಡೆದೆ. ಇಡೀ ಪರದೆ ಒಂದೇ ಬಣ್ಣವಾಯಿತು. ಲ್ಯಾಪ್‌ಟಾಪ್ ಕೆಟ್ಟಿತು ಅಂದುಕೊಂಡೆ. ಲೇಯರ್ ಇದ್ದದ್ದು ಇಪಿಎಸ್‌ಜಿ 4326ರಲ್ಲಿ. ಇಪಿಎಸ್‌ಜಿ ಅಂದರೆ ಪ್ರತಿ ಸಿಆರ್‌ಎಸ್‌ಗೂ ಕೊಟ್ಟಿರುವ ಗುರುತಿನ ಸಂಖ್ಯೆ, 4326 ಅಕ್ಷಾಂಶ-ರೇಖಾಂಶದ್ದು. ಅಲ್ಲಿ ಅಳತೆ ಮೀಟರ್ ಅಲ್ಲ, ಡಿಗ್ರಿ. ಭೂಮಿಯನ್ನು ಒಂದು ಸುತ್ತು ಹಾಕಿದರೇ 360 ಡಿಗ್ರಿ, ನಾನು ಕೇಳಿದ್ದು 500!

ಮೀಟರ್ ಬೇಕಾದರೆ ಯುಟಿಎಂಗೆ, ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಸಿಆರ್‌ಎಸ್‌ಗೆ ಬದಲಿಸಿ. ಅದರಲ್ಲಿ 60 ವಲಯಗಳಿವೆ, ಒಂದೊಂದು 6 ಡಿಗ್ರಿ ಅಗಲ. ನಿಮ್ಮ ಜಾಗದ ರೇಖಾಂಶಕ್ಕೆ 180 ಕೂಡಿಸಿ, 6ರಿಂದ ಭಾಗಿಸಿ, ಬಂದದ್ದನ್ನು ಮೇಲಿನ ಪೂರ್ಣಸಂಖ್ಯೆಗೆ ಏರಿಸಿ. ಪೂರ್ವ 10 ಡಿಗ್ರಿ ಆದರೆ 190 ಭಾಗ 6, ಅಂದರೆ 31.67, ಅಂದರೆ 32ನೇ ವಲಯ. ಉತ್ತರಾರ್ಧಗೋಳದಲ್ಲಿ ಅದರ ಇಪಿಎಸ್‌ಜಿ ಸಂಖ್ಯೆ 32632, ದಕ್ಷಿಣದಲ್ಲಿ 32732.

ಬದಲಿಸುವಾಗ ಬಳಸಬೇಕಾದದ್ದು "ರೀಪ್ರೊಜೆಕ್ಟ್ ಲೇಯರ್". "ಸೆಟ್ ಲೇಯರ್ ಸಿಆರ್‌ಎಸ್" ಒತ್ತಬೇಡಿ. ಅದು ಡಬ್ಬಿಯೊಳಗಿನ ಸಕ್ಕರೆ ಹಾಗೇ ಬಿಟ್ಟು ಮೇಲೆ ಉಪ್ಪು ಅಂತ ಚೀಟಿ ಅಂಟಿಸಿದ ಹಾಗೆ. ವೆಬ್ ನಕ್ಷೆಗಳು ಬಳಸುವ 3857ರಲ್ಲೂ ಮೀಟರ್ ಇದೆಯಲ್ಲ ಅನ್ನಬಹುದು. ಇದೆ, ಆದರೆ 60 ಡಿಗ್ರಿ ಅಕ್ಷಾಂಶದಲ್ಲಿ ಅದರ ದೂರ ನಿಜಕ್ಕಿಂತ ಸುಮಾರು ಎರಡು ಪಟ್ಟು. ನೋಡಲು ಸರಿ, ಅಳೆಯಲು ಬೇಡ.

ಶೇಪ್‌ಫೈಲ್ (ಲೇಯರ್ ಉಳಿಸುವ ಹಳೆಯ ಫೈಲ್ ಬಗೆ) ಕಳಿಸುವಾಗ ಡಾಟ್ ಎಸ್‌ಎಚ್‌ಪಿ ಒಂದನ್ನೇ ಕಳಿಸಿದರೆ ಪ್ರಯೋಜನವಿಲ್ಲ, ಅದರ ಸಂಗಡಿಗ ಫೈಲ್‌ಗಳೂ ಬೇಕು. ಕಾಲಮ್ ಹೆಸರನ್ನೂ ಅದು 10 ಅಕ್ಷರಕ್ಕೇ ಕತ್ತರಿಸುತ್ತದೆ. ಜಿಯೋಪ್ಯಾಕೇಜ್‌ನಲ್ಲಿ ಉಳಿಸಿ, ಎಲ್ಲಾ ಒಂದೇ ಫೈಲ್.

ವಿಧಾನದ ಅಧ್ಯಾಯವನ್ನು ಕೊನೆಗೆ ಇಟ್ಟುಕೊಂಡರೆ ಏನೂ ನೆನಪಿರುವುದಿಲ್ಲ. "ದತ್ತಾಂಶ ಸಂಗ್ರಹಿಸಿ ಸೂಕ್ತ ವಿಶ್ಲೇಷಣೆ ಕೈಗೊಳ್ಳಲಾಯಿತು" ಅಂತ ನಾನೂ ಬರೆದಿದ್ದೆ. ಇದನ್ನು ಓದಿ ಇನ್ನೊಬ್ಬರು ಅದೇ ಕೆಲಸ ಮಾಡಲು ಆಗುತ್ತದಾ? ತಿದ್ದಿದ ಮೇಲೆ ಹೀಗಾಯಿತು: "ಬಸ್ ನಿಲ್ದಾಣಗಳನ್ನು ಮಾರ್ಚ್ 3ರಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಇಳಿಸಿಕೊಂಡು ಯುಟಿಎಂಗೆ ಬದಲಿಸಿದೆ. ಪ್ರತಿ ಶಾಲೆಯಿಂದ 500 ಮೀಟರ್ ನೇರ ದೂರದೊಳಗೆ ಇರುವುದನ್ನು ಎಣಿಸಿದೆ." ತಾರೀಖು ಬೇಕೇ ಬೇಕು, ಓಪನ್‌ಸ್ಟ್ರೀಟ್‌ಮ್ಯಾಪ್ ಜನರೇ ಸೇರಿ ಮಾಡುವ ನಕ್ಷೆ, ಅದನ್ನು ದಿನವೂ ತಿದ್ದುತ್ತಿರುತ್ತಾರೆ. "ನೇರ ದೂರ" ಅನ್ನುವುದೂ ಬೇಕು, ಮಕ್ಕಳು ಹಕ್ಕಿಗಳಲ್ಲ ಅಲ್ವಾ, ರಸ್ತೆ ಸುತ್ತಿಕೊಂಡೇ ನಡೆಯುತ್ತಾರೆ. ಮರೆತಿದ್ದರೆ ಪ್ರೊಸೆಸಿಂಗ್ ಮೆನುವಿನ ಹಿಸ್ಟರಿ ನೋಡಿ. ಯಾವ ಟೂಲ್, ಯಾವ ಅಂಕಿ, ಎಲ್ಲಾ ಅಲ್ಲಿರುತ್ತದೆ.

ಕಲಿಯಲು ಕ್ಯೂಜಿಐಎಸ್‌ನವರದೇ ಟ್ರೈನಿಂಗ್ ಮ್ಯಾನುಯಲ್ ಸಾಕು, ಅಭ್ಯಾಸದ ಡೇಟಾ ಜೊತೆಗೇ ಸಿಗುತ್ತದೆ. ವಿಡಿಯೋ ನೋಡುವುದಾದರೆ ವರ್ಷನ್ ನೋಡಿಕೊಳ್ಳಿ, ಮೆನು ಜಾಗ ಬದಲಾಗಿರುತ್ತದೆ. ದೇಶಗಳ ಗಡಿಗೆ ನ್ಯಾಚುರಲ್ ಅರ್ಥ್ ಅನ್ನುವ ಉಚಿತ ಡೇಟಾ, ಉಪಗ್ರಹ ಚಿತ್ರಕ್ಕೆ 2008ರಿಂದ ಉಚಿತವಾಗಿರುವ ಲ್ಯಾಂಡ್‌ಸ್ಯಾಟ್. ಅದರ ಒಂದು ಚುಕ್ಕಿ 30 ಮೀಟರ್, ಅದರಲ್ಲಿ ಬಸ್ ನಿಲ್ದಾಣ ಹುಡುಕಬೇಡಿ. ಓದಿದ ಲೇಖನಗಳ ಪಟ್ಟಿ ಇಡಲು ಜೊಟೆರೊ ಅನ್ನುವ ಸಾಫ್ಟ್‌ವೇರ್. ಅದು ತಾನಾಗಿ ತುಂಬುವ ಹೆಸರು, ವರ್ಷವನ್ನು ಆಗಲೇ ಒಮ್ಮೆ ನೋಡಿಬಿಡಿ.

ಎರಡನೇ ವರದಿಯಲ್ಲಿ ನಾಲ್ಕೇ ನಕ್ಷೆಗಳಿದ್ದವು. ಗೈಡ್ ಈ ಸಲ ಕೇಳಿದ್ದು, "500 ಯಾಕೆ, 400 ಯಾಕಲ್ಲ?" ಅದಕ್ಕೆ ಒಂದು ಪ್ಯಾರಾ ಬರೆಯುತ್ತಾ ಕೂತಿದ್ದೇನೆ.