ಸೂಳೆಕೆರೆ ಸುತ್ತಿನ ಬೇಸಿಗೆ ಮುನ್ನೋಟ: ಮೊದಲು ಆವಿಯ ಲೆಕ್ಕ, ಆಮೇಲೆ ಮಳೆ

ದಾವಣಗೆರೆ ಜಿಲ್ಲೆಯ ಸೂಳೆಕೆರೆ ಸುತ್ತಲಿನ ಊರುಗಳಿಗೆ ಮಾರ್ಚ್‌ನಿಂದ ಮೇವರೆಗಿನ ಹವಾಮಾನ ಮುನ್ನೋಟ ಬರೆಯುವಾಗ ನಾನು ಮಳೆಯಿಂದ ಶುರು ಮಾಡುವುದಿಲ್ಲ. ಮೂರು ತಿಂಗಳಲ್ಲಿ ಎಷ್ಟು ಮಳೆ ಬೀಳುತ್ತದೆ ಎಂದು ಫೆಬ್ರವರಿ ಕೊನೆಯಲ್ಲೇ ಗಟ್ಟಿಯಾಗಿ ಹೇಳಲು ಯಾರಿಂದಲೂ ಆಗದು. ಆದರೆ ಕೆರೆಯಿಂದ ಎಷ್ಟು ನೀರು ಆವಿಯಾಗಿ ಹೋಗುತ್ತದೆ ಎಂಬುದನ್ನು ಒಂದು ಗೇಣಿನ ಅಂತರದೊಳಗೆ ಹೇಳಬಹುದು. ಚನ್ನಗಿರಿಗೂ ಚಿತ್ರದುರ್ಗಕ್ಕೂ ಕುಡಿಯುವ ನೀರು ಕೊಡುವ ಕೆರೆ ಇದು. ಆ ಗೇಣಿನ ಲೆಕ್ಕಕ್ಕೆ ಬೆಲೆ ಇದೆ.

ಆವಿ ಅಳೆಯಲು ಬೇಕಾದದ್ದು ಒಂದು ತಗಡಿನ ಬಾನಿ. ಅಗಲ 122 ಸೆಂ.ಮೀ., ಆಳ ಸುಮಾರು 25 ಸೆಂ.ಮೀ. ಅದನ್ನು ನೆಲದಿಂದ 10 ಸೆಂ.ಮೀ. ಎತ್ತರದ ಮರದ ಚೌಕಟ್ಟಿನ ಮೇಲೆ, ಕೆಳಗೆ ಗಾಳಿ ಆಡುವಂತೆ ಕೂರಿಸಬೇಕು. ಮೇಲೆ ತಂತಿ ಬಲೆ ಕಡ್ಡಾಯ. ಬಲೆ ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಕಾಗೆ, ನಾಯಿ, ಕುರಿ ಎಲ್ಲವೂ ಅಲ್ಲೇ ನೀರು ಕುಡಿಯುತ್ತವೆ. ಆ ನೀರೂ ಆವಿಯ ಲೆಕ್ಕಕ್ಕೇ ಸೇರುತ್ತದೆ. ದಿನವೂ ಬೆಳಿಗ್ಗೆ 8.30ಕ್ಕೆ ನೀರಿನ ಮಟ್ಟ ನೋಡಿ, ಹಿಂದಿನ ದಿನಕ್ಕಿಂತ ಎಷ್ಟು ಇಳಿದಿದೆ ಎಂದು ಬರೆಯುತ್ತೇನೆ. ನಡುವೆ ಮಳೆ ಬಂದಿದ್ದರೆ ಆ ಮಿ.ಮೀ. ಅನ್ನು ಇಳಿತಕ್ಕೆ ಕೂಡಿಸಬೇಕು. ಜೋರು ಮಳೆಯಲ್ಲಿ ಬಾನಿಯ ನೀರು ಹೊರಗೆ ಚಿಮ್ಮಿದ್ದರೆ ಆ ದಿನದ ಅಂಕಿಯನ್ನೇ ಬಿಡುತ್ತೇನೆ, ಊಹೆಯ ಅಂಕಿ ತುಂಬುವುದಿಲ್ಲ.

ತಗಡು ಕಾಯುವುದರಿಂದ ಬಾನಿ ಕೆರೆಗಿಂತ ಹೆಚ್ಚು ಆವಿ ತೋರಿಸುತ್ತದೆ. ಹಾಗಾಗಿ ಅಂಕಿಯನ್ನು ಸುಮಾರು 0.7ರಿಂದ ಗುಣಿಸಬೇಕು. ಬಾನಿಯಲ್ಲಿ ದಿನಕ್ಕೆ 7ರಿಂದ 9 ಮಿ.ಮೀ. ಇಳಿದರೆ ಕೆರೆಯಲ್ಲಿ 4.9ರಿಂದ 6.3. ಮಾರ್ಚ್, ಏಪ್ರಿಲ್, ಮೇ ಸೇರಿ 92 ದಿನ. ಅಂದರೆ 45ರಿಂದ 58 ಸೆಂ.ಮೀ., ಅಡಿಯ ಲೆಕ್ಕದಲ್ಲಿ ಒಂದೂವರೆಯಿಂದ ಹತ್ತಿರಹತ್ತಿರ ಎರಡು. ತೂಬು ಎತ್ತದಿದ್ದರೂ, ಒಂದು ಪಂಪೂ ಓಡದಿದ್ದರೂ ಇಷ್ಟು ಹೋಗೇ ಹೋಗುತ್ತದೆ. ದಿನಕ್ಕೆ 5.6 ಮಿ.ಮೀ. ಎಂದು ಹಿಡಿದರೆ ಒಂದು ಹೆಕ್ಟೇರ್ ನೀರಿನ ಮೇಲ್ಮೈಯಿಂದ ದಿನಕ್ಕೆ 56,000 ಲೀಟರ್. ಮುನ್ನೋಟದ ಮೊದಲ ಸಾಲಾಗಿ ನಾನು ಬರೆಯುವುದು ಇದನ್ನೇ.

ಮಳೆಯ ಭಾಗಕ್ಕೆ ಬಂದಾಗ ಮೊದಲು ಮಾಡುವ ಕೆಲಸ ಸರಾಸರಿಯನ್ನು ಪಕ್ಕಕ್ಕಿಡುವುದು. ಬೇಸಿಗೆ ಮಳೆಗೆ ಸರಾಸರಿಯಷ್ಟು ಮೋಸದ ಅಂಕಿ ಇನ್ನೊಂದಿಲ್ಲ. ಉದಾಹರಣೆಗೆ ಒಂದು ಊರಿನ ಏಪ್ರಿಲ್ ಮಳೆ ಐದು ವರ್ಷ 10, 15, 20, 25, 130 ಮಿ.ಮೀ. ಬಿದ್ದಿದೆ ಎಂದುಕೊಳ್ಳಿ. ಸರಾಸರಿ 40. ಆದರೆ ಐದರಲ್ಲಿ ನಾಲ್ಕು ವರ್ಷ 25 ದಾಟಿಲ್ಲ. 40 ನಂಬಿ ಕೂತ ರೈತ ನಾಲ್ಕು ವರ್ಷ ಮೋಸ ಹೋಗುತ್ತಾನೆ. ಅದಕ್ಕೆ 30 ವರ್ಷದ ಅಂಕಿಗಳನ್ನು (1991ರಿಂದ 2020ರವರೆಗಿನವು) ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ಹತ್ತು ಹತ್ತರಂತೆ ಮೂರು ಪಾಲು ಮಾಡುತ್ತೇನೆ: ಕೊರತೆ, ವಾಡಿಕೆ, ಹೆಚ್ಚುವರಿ. ಬೇರೇನೂ ಗೊತ್ತಿಲ್ಲದಿದ್ದರೆ ಮೂರಕ್ಕೂ ಶೇ. 33ರಷ್ಟು ಸಾಧ್ಯತೆ. ಜೊತೆಗೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳನ್ನು ಬೇರೆ ಎಣಿಸುತ್ತೇನೆ. ಲೆಕ್ಕದ ಪ್ರಕಾರ ಮಳೆ ದಿನ ಅಂದರೆ ಅದೇ. ತಿಂಗಳ ಮಳೆಯೆಲ್ಲ ಒಂದೇ ಸಂಜೆ ಸುರಿದು ಹೋಗಿತ್ತೋ, ಐದು ದಿನ ಹಂಚಿ ಬಿದ್ದಿತ್ತೋ ಎಂಬುದು ತೋಟದವರಿಗೆ ಒಟ್ಟು ಮಿ.ಮೀ.ಗಿಂತ ಮುಖ್ಯ.

ಅಂಕಿ ಕೂಡಿಸುವಾಗ ಎರಡು ತಪ್ಪು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಖಾಲಿ ಬಿಟ್ಟ ಜಾಗವನ್ನು ಸೊನ್ನೆ ಎಂದು ಓದುವುದು. ರಜೆಯ ದಿನ ಅಳೆಯದೇ ಇದ್ದರೂ ಪುಸ್ತಕದಲ್ಲಿ ಖಾಲಿ, ಮಳೆ ಬಾರದಿದ್ದರೂ ಖಾಲಿ. ಅಂಥ ವರ್ಷವನ್ನು ಸಾಲಿನಿಂದಲೇ ತೆಗೆಯುತ್ತೇನೆ. ಇನ್ನೊಂದು ತಾರೀಖಿನದು. ಅಳತೆ ಬೆಳಿಗ್ಗೆ 8.30ಕ್ಕೆ, ನಮ್ಮ ಬೇಸಿಗೆ ಮಳೆ ಬರುವುದು ಮಧ್ಯಾಹ್ನ 3ರ ನಂತರ. ಹಾಗಾಗಿ 12ರ ಸಂಜೆಯ ಮಳೆ 13ರ ಹೆಸರಿನಲ್ಲಿ ದಾಖಲಾಗುತ್ತದೆ. ಇದು ತಿಳಿಯದೆ ತಾಳೆ ನೋಡಿದರೆ ಸರಿಯಾಗಿದ್ದ ಮುನ್ಸೂಚನೆಯೂ ಸುಳ್ಳಾಗಿ ಕಾಣುತ್ತದೆ.

ಮಳೆಮಾಪಕವನ್ನು ಫೆಬ್ರವರಿಯಲ್ಲೇ ತೊಳೆಯಬೇಕು. ಚಳಿಗಾಲವಿಡೀ ಖಾಲಿ ನಿಂತ ಆಲಿಕೆಯಲ್ಲಿ ಧೂಳು, ಜೇಡರ ಬಲೆ, ತೋಟದ ಹತ್ತಿರವಾದರೆ ಅಡಿಕೆ ಗರಿಯ ಚೂರು ಸೇರಿಕೊಂಡಿರುತ್ತವೆ. ತಾನಾಗಿ ಅಳೆಯುವ ಯಂತ್ರದೊಳಗಿನ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚಬೇಕು. ಧೂಳು ಕಟ್ಟಿದರೆ ಮಗುಚುವುದಿಲ್ಲ, ಮೊದಲ ಮಳೆಗೆ ಯಂತ್ರ ಸೊನ್ನೆ ತೋರಿಸುತ್ತದೆ. ಪರೀಕ್ಷೆ ಸುಲಭ: 200 ಚದರ ಸೆಂ.ಮೀ. ಬಾಯಿಯ ಮಾಪಕಕ್ಕೆ 200 ಮಿ.ಲೀ. ನೀರನ್ನು ನಿಧಾನವಾಗಿ ಸುರಿದರೆ 10 ಮಿ.ಮೀ. ತೋರಿಸಬೇಕು. ಮರವೋ ಗೋಡೆಯೋ ಹತ್ತಿರವಿದ್ದರೆ ಅದರ ಎತ್ತರದ ಎರಡರಷ್ಟು ದೂರಕ್ಕೆ ಮಾಪಕ ಇಡಬೇಕು. ತಾಪಮಾಪಕವನ್ನು ಮಾತ್ರ ಕೆರೆ ಏರಿಯ ಮೇಲೆ ಇಡಲೇಬಾರದು. ಸಂಜೆಯಾದರೂ ಕಲ್ಲಿನ ಕಾವು ಆರದೆ ಅಂಕಿಯನ್ನು ಮೇಲಕ್ಕೆ ಎಳೆಯುತ್ತದೆ.

ಇನ್ನು ಮಳೆ ಬರುವ ಬಗೆ. ಮರಾಠವಾಡ ಅಥವಾ ವಿದರ್ಭದ ಕಡೆಯಿಂದ ಒಳನಾಡು ಕರ್ನಾಟಕದ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿಯ ಒತ್ತಡ ಕಡಿಮೆ ಇರುವ ಒಂದು ಸಾಲು ಏರ್ಪಡುತ್ತದೆ. ಅದರ ಎರಡು ಬದಿಗಳಲ್ಲಿ ಗಾಳಿ ಬೇರೆ ಬೇರೆ ದಿಕ್ಕಿನಿಂದ ಬೀಸುತ್ತದೆ, ಒಂದು ಕಡೆ ಅರಬ್ಬಿ ಸಮುದ್ರದ ತೇವ, ಇನ್ನೊಂದು ಕಡೆ ಬಂಗಾಳ ಕೊಲ್ಲಿಯದು. ಎರಡೂ ಸೇರುವ ಕಡೆ ಕಾದ ನೆಲದ ಮೇಲೆ ಮೋಡ ಏಳುತ್ತದೆ. ಸಾಲು ನೂರು ಕಿ.ಮೀ. ಆಚೆ ಸರಿದರೆ ನಮಗೆ ಬರೀ ಧಗೆ. ಕೆರೆಯೇ ಮಳೆ ತರುತ್ತದೆ ಎಂಬ ನಂಬಿಕೆ ಸುತ್ತಲಿನ ಊರುಗಳಲ್ಲಿದೆ, ಅದನ್ನು ನಾನು ಮುನ್ನೋಟದಲ್ಲಿ ಬರೆಯುವುದಿಲ್ಲ. ಇಷ್ಟು ನೀರಿನ ಪ್ರಭಾವ ದಡದ ಹತ್ತಿರದಲ್ಲೇ ಮುಗಿಯುತ್ತದೆ: ಮಧ್ಯಾಹ್ನ ಸ್ವಲ್ಪ ತಂಪು ಗಾಳಿ, ರಾತ್ರಿ ಸ್ವಲ್ಪ ಹೆಚ್ಚು ತೇವ.

ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಹೆಚ್ಚು ಕಾಯುವುದರ ಬಗ್ಗೆ ಪ್ರತಿ ವರ್ಷ ಕೇಳುತ್ತಾರೆ. ಅದರ ಹಿಡಿತ ಮುಂಗಾರಿನ ಮೇಲೆ ಹೆಚ್ಚು. ಎಲ್ ನಿನೊ ಇದ್ದ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದದ್ದು ನೆನಪಿರಲಿ. ಬೇಸಿಗೆ ಮಳೆಯೊಂದಿಗೆ ಅದರ ನಂಟು ಸಡಿಲ. ಹಾಗಾಗಿ ಮೂರು ಪಾಲಿನ ಸಾಧ್ಯತೆಯನ್ನು ಶೇ. 33ರಿಂದ 40ರ ಆಚೆಗೆ ನಾನು ಜರುಗಿಸುವುದಿಲ್ಲ. ‘ಈ ಸಲ ಶೇ. 80ರಷ್ಟು ಹೆಚ್ಚು ಮಳೆ ಖಚಿತ’ ಎಂದು ಫೆಬ್ರವರಿಯಲ್ಲೇ ಬರೆದ ಹಾಳೆಯನ್ನು ದಯವಿಟ್ಟು ನಂಬಬೇಡಿ.

ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ನೋಟ ಕೊಡುತ್ತದೆ. ನನ್ನ ಹಾಳೆಯನ್ನು ಶುಕ್ರವಾರ ತಿದ್ದುತ್ತೇನೆ. ಮೊದಲ ಎರಡು ವಾರದ ಭಾಗ ಕೆಲಸಕ್ಕೆ ಬರುತ್ತದೆ. ಮೂರು, ನಾಲ್ಕನೆಯದು ದಿಕ್ಕು ತಿಳಿಯಲು ಮಾತ್ರ. ತಾರೀಖುಗಳ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಯುತ್ತೇನೆ, ಏಕೆಂದರೆ ಊರಿನ ಕೆಲಸದ ಲೆಕ್ಕ ಅದರಲ್ಲೇ ನಡೆಯುತ್ತದೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆಯ ವಾರಕ್ಕೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕೆ, ಮೇ 25ರ ಸುಮಾರಿಗೆ ರೋಹಿಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎನ್ನುವವರಿಗೆ ‘ಏಪ್ರಿಲ್ ನಾಲ್ಕನೇ ವಾರ’ ಎಂದರೆ ಏನೂ ತಟ್ಟುವುದಿಲ್ಲ.

ಅಡಿಕೆ ತೋಟದವರು ಕೇಳುವುದು ಒಂದೇ: ಮಳೆ ಬಂದ ಮೇಲೆ ಎಷ್ಟು ದಿನ ನೀರು ನಿಲ್ಲಿಸಬಹುದು? 9 ಅಡಿ ಅಂತರದ ತೋಟದಲ್ಲಿ ಒಂದು ಮರಕ್ಕೆ ಸುಮಾರು 7.5 ಚದರ ಮೀಟರ್ ನೆಲ. 25 ಮಿ.ಮೀ. ಬಿದ್ದರೆ ಅಲ್ಲಿಗೆ 188 ಲೀಟರ್. ಗರಿಯ ಮೇಲೆ ನಿಂತದ್ದು, ಬಸಿದದ್ದು ಕಳೆದು ಅರ್ಧ ಹಿಡಿಯಿರಿ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಕೊಡುತ್ತಿದ್ದರೆ ಐದು ದಿನ ನಿಲ್ಲಿಸಬಹುದು. 5 ಮಿ.ಮೀ. ಮಳೆಗೆ ಒಂದು ದಿನವೂ ನಿಲ್ಲಿಸಬಾರದು, ಅದು ಗರಿಯಲ್ಲೂ ತರಗಿನಲ್ಲೂ ಮುಗಿದು ಬೇರು ಮುಟ್ಟುವುದಿಲ್ಲ. ಬೇಸಿಗೆ ಭತ್ತ ಕೊಯ್ದು ರಸ್ತೆಯಲ್ಲಿ ಹರವಿದವರಿಗೆ ಮಿ.ಮೀ. ಬೇಡ, ಹೊತ್ತು ಬೇಕು: ಬೆಳಿಗ್ಗೆ 11ಕ್ಕೇ ಹೂಕೋಸಿನಂತೆ ಮೋಡ ಎತ್ತರಕ್ಕೆ ಏಳುತ್ತಿದ್ದರೆ 2 ಗಂಟೆಯೊಳಗೆ ತಾಡಪಾಲು ಹತ್ತಿರ ಇರಲಿ.

ತೆಪ್ಪದಲ್ಲಿ ಮೀನು ಹಿಡಿಯುವವರಿಗೆ ಬರೆಯುವುದು ದಪ್ಪ ಅಕ್ಷರದಲ್ಲಿ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಅಷ್ಟು ಹೊತ್ತಿಗೆ ದಡದಲ್ಲಿರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ನೀರಿಗೆ ಇಳಿಯಬಾರದು. ಮಳೆಗೆ ಮುಂಚೆ ತಣ್ಣನೆ ಬಿರುಗಾಳಿ ಬರುತ್ತದೆ, ತೆಪ್ಪ ಮಗುಚುವುದು ಆ ಗಾಳಿಗೆ. ಹನಿ ಬಿದ್ದ ಮೇಲೆ ಹೊರಡೋಣ ಎಂದು ಕಾದರೆ ತಡವಾಯಿತು.

ಈ ಮಳೆಗೆ ಕೆರೆ ತುಂಬುತ್ತದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಇಲ್ಲ ಎಂದೇ ಬರೆಯುತ್ತೇನೆ. ಒಣಗಿ ಬಿರಿದ ನೆಲ ಮೊದಲ ಮಳೆಗಳನ್ನು ತಾನೇ ಕುಡಿಯುತ್ತದೆ, ಕೆರೆಗೆ ನೀರು ತರುವ ಹರಿದ್ರಾ ಹಳ್ಳಕ್ಕೆ ಹೆಚ್ಚೇನೂ ಇಳಿಯುವುದಿಲ್ಲ. ಆದರೆ ಹಾಳೆಯ ಕೊನೆಯ ಸಾಲನ್ನು ಮೇ 15ರವರೆಗೆ ಖಾಲಿ ಬಿಡುತ್ತೇನೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1; 2025ರಲ್ಲಿ ಮೇ 24ಕ್ಕೇ ಬಂತು. ಅಂಥ ವರ್ಷ ರೋಹಿಣಿಯ ಲೆಕ್ಕವನ್ನು ಬೇಸಿಗೆಯ ಹಾಳೆಯಿಂದ ತೆಗೆದು ಮುಂಗಾರಿನ ಹಾಳೆಗೆ ಬರೆದುಕೊಳ್ಳುತ್ತೇನೆ.