ಕ್ಯಾಂಡಿಗೆ ಎರಡು ದಿನ: ಪೂಜೆಯ ಹೊತ್ತು ನೋಡಿ ಹೊರಡಿ

ಶ್ರೀಲಂಕಾಕ್ಕೆ ಹೋಗುವ ನಮ್ಮವರು ಕ್ಯಾಂಡಿಗೆ ಕೊಡುವುದು ಹೆಚ್ಚೆಂದರೆ ಅರ್ಧ ದಿನ. ಕೊಲಂಬೊದಿಂದ ವ್ಯಾನ್, ಬುದ್ಧನ ಹಲ್ಲು ಇರುವ ದಂತ ಮಂದಿರದ ಮುಂದೆ ಒಂದು ಫೋಟೊ, ಮತ್ತೆ ಸೀದಾ ನುವರ ಎಲಿಯ ಗಿರಿಧಾಮದ ದಾರಿ. ಸಿಂಹಳ ಅರಸರ ಕೊನೆಯ ರಾಜಧಾನಿಗೆ ಇಷ್ಟು ಸಾಲದು. ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಅದನ್ನು ಹೇಗೆ ಹೊಂದಿಸುವುದು ಅಂತ ಇಲ್ಲಿ ಹೇಳಿದ್ದೇನೆ.

1. ಮೊದಲು ಕ್ಯಾಲೆಂಡರ್ ನೋಡಿ

ಅಲ್ಲಿ ಪ್ರತಿ ಹುಣ್ಣಿಮೆಯೂ ಸರಕಾರಿ ರಜೆ. ಅದನ್ನು ಪೋಯ ಅನ್ನುತ್ತಾರೆ. ಅಂದು ಮದ್ಯ, ಮಾಂಸದ ಮಾರಾಟ ಬಂದ್. ಬಿಳಿ ಬಟ್ಟೆ ತೊಟ್ಟ ಭಕ್ತರಿಂದ ಮಂದಿರ ತುಂಬಿರುತ್ತದೆ. ಅವರ ಭಕ್ತಿ ನೋಡಬೇಕೆನ್ನುವವರಿಗೆ ಅದೇ ಒಳ್ಳೆಯ ದಿನ. ನೂಕುನುಗ್ಗಲು ಆಗದವರು ಆ ದಿನ ಬಿಟ್ಟುಬಿಡಿ. ಜುಲೈ–ಆಗಸ್ಟ್‌ನಲ್ಲಿ ಎಸಳ ಪೆರಹರ ಎಂಬ ಮೆರವಣಿಗೆಯ ಹಬ್ಬ ಬರುತ್ತದೆ. ಸಿಂಗರಿಸಿದ ಆನೆಗಳು, ಡೋಲು, ಪಂಜು, ಕುಣಿತದವರು ರಾತ್ರಿ ರಾತ್ರಿ ಬೀದಿಯಲ್ಲಿ ಸಾಗುತ್ತಾರೆ. ಆ ದಿನಗಳಲ್ಲಿ ಹೋಗುವುದಾದರೆ ರೂಮನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು.

2. ರೈಲಿನಲ್ಲೇ ಹೋಗಿ

ಕೊಲಂಬೊ ಫೋರ್ಟ್ ನಿಲ್ದಾಣದಿಂದ ಸುಮಾರು ಎರಡೂವರೆ, ಮೂರು ಗಂಟೆ. ಈ ಹಳಿ ಕ್ಯಾಂಡಿ ಮುಟ್ಟಿದ್ದು 1867ರಲ್ಲಿ. ಬಲಗಡೆಯ ಕಿಟಕಿ ಸೀಟು ಸಿಕ್ಕರೆ ಬಿಡಬೇಡಿ. ರಂಬುಕ್ಕನ ದಾಟಿದ ಮೇಲೆ ಘಾಟಿ ಹತ್ತುವಾಗ ಕಣಿವೆಯೆಲ್ಲ ಆ ಕಡೆಗೇ ತೆರೆದುಕೊಳ್ಳುತ್ತದೆ.

3. ಮೊದಲ ಸಂಜೆ ದಳದಾ ಮಾಳಿಗಾವಕ್ಕೆ

ದಂತ ಮಂದಿರಕ್ಕೆ ಅಲ್ಲಿನವರ ಹೆಸರೇ ದಳದಾ ಮಾಳಿಗಾವ. ಇಲ್ಲಿ ದಿನಕ್ಕೆ ಮೂರು ಪೂಜೆ: ನಸುಕಿನಲ್ಲಿ, ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ, ಸಂಜೆ ಆರೂವರೆ ಸುಮಾರಿಗೆ. ನನ್ನ ಮಾತು ಕೇಳುವುದಾದರೆ ಸಂಜೆಯದಕ್ಕೇ ಹೋಗಿ, ಅದೂ ಒಂದು ಗಂಟೆ ಮೊದಲು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ತಿಳಿ ಬಣ್ಣದ್ದಾದರೆ ಒಳ್ಳೆಯದು. ಚಪ್ಪಲಿ ಹೊರಗೇ ಬಿಡಬೇಕು. 1998ರ ಜನವರಿಯಲ್ಲಿ ಇಲ್ಲಿ ಬಾಂಬ್ ಸಿಡಿದು ಮುಂಭಾಗ ಹಾಳಾಗಿತ್ತು. ಆಮೇಲೆ ರಿಪೇರಿ ಮಾಡಿದರು. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ, ಬೇಸರ ಪಡಬೇಡಿ.

ಕೆಳಗಿನ ಮಂಟಪದಲ್ಲಿ ಹೇವಿಸಿ ಎಂಬ ಪೂಜೆಯ ವಾದನ ಶುರುವಾಗುತ್ತದೆ. ಕೆಂಪು, ಬಿಳಿ ಉಡುಪಿನ ವಾದಕರು ದವುಲ, ತಮ್ಮೆಟ್ಟಮ ಎಂಬ ಚರ್ಮವಾದ್ಯಗಳನ್ನು ಬಾರಿಸುತ್ತಾರೆ. ಜೊತೆಗೆ ಹೊರಣೆವ ಎಂಬ ಓಲಗ. ಗರ್ಭಗುಡಿ ಇರುವುದು ಮಹಡಿಯಲ್ಲಿ. ಬಾಗಿಲಿನ ಎರಡೂ ಕಡೆ ಆನೆದಂತ ನಿಲ್ಲಿಸಿದ್ದಾರೆ. ಹಲ್ಲು ಕಾಣಿಸುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ಕಾಣುವುದು ಸ್ತೂಪದ ಆಕಾರದ ಚಿನ್ನದ ಕರಂಡಕ, ಅದೂ ಸಾಲು ಮುಂದೆ ಸರಿಯುವಾಗ ಕೆಲವೇ ಕ್ಷಣ. ಆದರೂ ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ತಾವರೆ ಹಿಡಿದ ಅಜ್ಜಂದಿರು ಆ ಕ್ಷಣಕ್ಕಾಗಿ ಕಾಯುವುದನ್ನು ನೋಡಿದರೆ ಈ ಹಲ್ಲಿನ ಬೆಲೆ ಗೊತ್ತಾಗುತ್ತದೆ. ಅದು ಯಾರ ಬಳಿ ಇದೆಯೋ ಅವರೇ ನಾಡಿನ ಒಡೆಯರು ಅನ್ನುವ ನಂಬಿಕೆ ಇತ್ತು. ಅದಕ್ಕೇ ಮಂದಿರ ಅರಮನೆಗೆ ಅಂಟಿಕೊಂಡಿದೆ.

ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಅಲ್ಲಿ ಅದು ದೊಡ್ಡ ತಪ್ಪು.

4. ಮರುದಿನ ಬೆಳಿಗ್ಗೆ ಕೆರೆ, ದೇವಾಲೆಗಳು

ಮಂದಿರದ ಮುಂದಿನ ಕೆರೆ ಕಟ್ಟಿಸಿದ್ದು ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹ, 1807ರಲ್ಲಿ. ಅವನು ದಕ್ಷಿಣ ಭಾರತ ಮೂಲದ ನಾಯಕ್ಕರ್ ವಂಶದವನು. 1815ರಲ್ಲಿ ಬ್ರಿಟಿಷರು ಹಿಡಿದು ವೆಲ್ಲೂರಿಗೆ ಸಾಗಿಸಿದರು. ಅಲ್ಲೇ ತೀರಿಕೊಂಡ. ಕೆರೆಗೆ ಒಂದು ಸುತ್ತು ಹಾಕಿ, ಆಮೇಲೆ ಮಂದಿರದ ಎದುರಿರುವ ನಾಥ ದೇವರ, ಪತ್ತಿನಿ ದೇವಿಯ ದೇವಾಲೆಗಳಿಗೆ, ಅಂದರೆ ಗುಡಿಗಳಿಗೆ ಹೋಗಿ. ವಿಷ್ಣುವಿನದೂ, ಕತರಗಾಮ ದೇವರದೂ ಹತ್ತಿರದಲ್ಲೇ ಇವೆ. ಕತರಗಾಮ ದೇವರು ಅಂದರೆ ನಮ್ಮ ಸುಬ್ರಹ್ಮಣ್ಯ. ಪೆರಹರದಲ್ಲಿ ಈ ನಾಲ್ಕೂ ದೇವರ ಮೆರವಣಿಗೆ ಬುದ್ಧನ ಮೆರವಣಿಗೆಯ ಹಿಂದೆ ಬರುತ್ತದೆ.

5. ಹತ್ತು ಗಂಟೆಗೆ ಟುಕ್‌ಟುಕ್ ಹಿಡಿದು ಮೂರು ಗುಡಿಗಳಿಗೆ

ಹೆಚ್ಚಿನವರು ಬಿಟ್ಟುಬರುವುದು ಇದನ್ನೇ. ಕನ್ನಡಿಗರು ಮಾತ್ರ ಬಿಡಲೇಬಾರದು. ಊರಿನ ಪಶ್ಚಿಮಕ್ಕೆ ಎಂಬೆಕ್ಕೆ, ಲಂಕಾತಿಲಕ, ಗಡಲಾದೆಣಿಯ ಎಂಬ ಮೂರು ಹಳೆಯ ಗುಡಿಗಳಿವೆ. ಒಂದರಿಂದ ಇನ್ನೊಂದಕ್ಕೆ ಎರಡು ಮೂರು ಕಿಲೋಮೀಟರ್. ನಡುವೆ ಗದ್ದೆ, ತೆಂಗು, ಹಲಸು. ಕಾಲು ಗಟ್ಟಿ ಇದ್ದವರು ನಡೆದೇ ಹೋಗಬಹುದು. ಉಳಿದವರು ಕಾಯುವ ಸಮಯವನ್ನೂ ಸೇರಿಸಿ ಟುಕ್‌ಟುಕ್‌ಗೆ ಮೊದಲೇ ರೇಟು ಮಾತಾಡಿಕೊಳ್ಳಿ.

ಎಂಬೆಕ್ಕೆಯಿಂದ ಶುರು ಮಾಡಿ. ಇದು ಕತರಗಾಮ ದೇವರ ಗುಡಿ. ಡೋಲು ಬಾರಿಸುವ ಮಂಟಪದಲ್ಲಿ ಮರದ ಕಂಬಗಳ ಸಾಲಿದೆ. ಒಂದೊಂದು ಕಂಬದ ಚೌಕದಲ್ಲೂ ಬೇರೆ ಬೇರೆ ಕೆತ್ತನೆ: ಕುಸ್ತಿ ಹಿಡಿದವರು, ಕುಣಿಯುವವಳು, ಮಗುವಿಗೆ ಹಾಲೂಡಿಸುವ ತಾಯಿ, ಕತ್ತು ಹೆಣೆದುಕೊಂಡ ಹಂಸಗಳು. ಹುಡುಕಿದರೆ ಎರಡು ತಲೆಯ ಹಕ್ಕಿಯೂ ಸಿಗುತ್ತದೆ. ಅಲ್ಲಿನವರು ಅದನ್ನು ಭೇರುಂಡ ಪಕ್ಷಿ ಅಂತಲೇ ಕರೆಯುತ್ತಾರೆ. ನಮ್ಮ ಸರಕಾರದ ಲಾಂಛನದಲ್ಲಿರುವ ಗಂಡಭೇರುಂಡ ಅಲ್ವಾ ಅದು! ಆಮೇಲೆ ತಲೆಯೆತ್ತಿ ಚಾವಣಿ ನೋಡಿ. ಒಂದು ತುದಿಯಲ್ಲಿ 26 ಜಂತೆಗಳು ಒಂದೇ ಕಡೆ ಬಂದು ಸೇರುತ್ತವೆ. ಅಷ್ಟನ್ನೂ ಹಿಡಿದಿಟ್ಟಿರುವುದು ಒಂದೇ ಒಂದು ಮರದ ಗೂಟ. ಅದರ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ. ಬಡಗಿ ಕೆಲಸ ಬಲ್ಲವರು ಯಾರಾದರೂ ಜೊತೆಗಿದ್ದರೆ ಅವರನ್ನು ಅಲ್ಲಿಂದ ಹೊರಡಿಸುವುದೇ ಕಷ್ಟ.

ಲಂಕಾತಿಲಕ ಬಂಡೆಯ ಮೇಲಿನ ಎತ್ತರದ ಬಿಳಿ ಗುಡಿ. ಒಂದು ಬಾಗಿಲಿಂದ ಬುದ್ಧ, ಇನ್ನೊಂದು ಬಾಗಿಲಿಂದ ದೇವರುಗಳು. ಪಕ್ಕದ ಬಂಡೆಯ ಮೇಲೆ ಸಿಂಹಳ, ತಮಿಳು ಶಾಸನಗಳಿವೆ.

ಕೊನೆಗೆ ಗಡಲಾದೆಣಿಯ. 1344ರ ಈ ಕಲ್ಲಿನ ಗುಡಿ ನೋಡಿದ ಕೂಡಲೇ ನಮ್ಮ ಕಡೆಯ ದೇವಸ್ಥಾನದ ನೆನಪಾಗುತ್ತದೆ. ಕಾರಣ ಇದೆ. ಕಟ್ಟಿದ ಶಿಲ್ಪಿ ಗಣೇಶ್ವರಾಚಾರಿ ದಕ್ಷಿಣ ಭಾರತದವನು. ಕಂಬಗಳನ್ನು, ಮೆಟ್ಟಿಲ ಪಕ್ಕದ ಕೆತ್ತನೆಯನ್ನು ನಿಧಾನವಾಗಿ ನೋಡಿ. ಒಳಗೆ ಕುಳಿತಿರುವುದು ಮಾತ್ರ ಬುದ್ಧ.

6. ವಾಪಸು ಬರುವಾಗ ಪೇರಾದೆಣಿಯ

ಗಡಲಾದೆಣಿಯದಿಂದ ಮುಖ್ಯ ರಸ್ತೆ ಹತ್ತಿರ. ಅದೇ ದಾರಿಯಲ್ಲಿ, ಮಹಾವೆಲಿ ನದಿ ಬಳಸಿ ಹರಿಯುವ ಕಡೆ, 1821ರಲ್ಲಿ ಶುರುವಾದ ಸಸ್ಯೋದ್ಯಾನವಿದೆ. 147 ಎಕರೆ, ಪೂರ್ತಿ ನೋಡಲು ಹೋಗಬೇಡಿ. ತಾಳೆಮರಗಳ ಸಾಲು, ಆರ್ಕಿಡ್ ಮನೆ, ಹುಲ್ಲುಹಾಸಿನ ಮೇಲೆ ಕೊಂಬೆ ಚಾಚಿದ ಜಾವಾ ಅತ್ತಿಮರ, ಇಷ್ಟು ಸಾಕು.

7. ಸಂಜೆಗೆ ಕುಣಿತ, ಊಟ

ಸಂಜೆ ಐದರ ಸುಮಾರಿಗೆ ಕೆರೆಯ ಬಳಿಯ ಸಭಾಂಗಣಗಳಲ್ಲಿ ಕ್ಯಾಂಡಿ ನೃತ್ಯ ಇರುತ್ತದೆ. ಸುಮಾರು ಒಂದು ಗಂಟೆ, ಕೊನೆಯಲ್ಲಿ ಕೆಂಡ ಹಾಯುತ್ತಾರೆ. ಪ್ರವಾಸಿಗರಿಗಾಗಿಯೇ ಮಾಡುವುದು ನಿಜ. ಆದರೂ ಡೋಲಿನವರ ಕೈಚಳಕದಲ್ಲಿ ಯಾವ ಕೊರತೆಯೂ ಇಲ್ಲ.

ಊಟಕ್ಕೆ ಅಪ್ಪ, ಇಡಿಯಪ್ಪ, ಪರಿಪ್ಪು ಎಂಬ ಬೇಳೆ ಸಾರು ಎಲ್ಲ ಕಡೆ ಸಿಗುತ್ತವೆ. ಸಸ್ಯಾಹಾರಿಗಳು ಒಂದು ವಿಷಯ ನೆನಪಿಡಿ. ತೆಂಗಿನಕಾಯಿ ಚಟ್ನಿಯ ಹಾಗೆ ಕಾಣುವ ಪೊಲ್ ಸಂಬೋಲದಲ್ಲಿ ಸಾಮಾನ್ಯವಾಗಿ ಉಂಬಲಕಡ, ಅಂದರೆ ಒಣಮೀನಿನ ಚೂರು ಇರುತ್ತದೆ. ಬಡಿಸುವ ಮೊದಲೇ ಕೇಳಿಕೊಳ್ಳಿ.