ಬೋರ್ಡು ಬಿಡಿ, ಗಾಡಿ ಎಲ್ಲಿದೆ ಹೇಳಿ

ಹಾಸನದ ಬಸ್ ನಿಲ್ದಾಣದಲ್ಲಿ ನಾನು ಸಂಚಾರ ನಿಯಂತ್ರಕನಾಗಿದ್ದಾಗ ಕಿಟಕಿಯ ಆಚೆಯಿಂದ ದಿನಕ್ಕೆ ನೂರು ಸಲ ಒಂದೇ ಪ್ರಶ್ನೆ ಬರುತ್ತಿತ್ತು: “ಮಂಗಳೂರು ಬಸ್ ಎಷ್ಟು ಹೊತ್ತಿಗೆ?” ವೇಳಾಪಟ್ಟಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲೇ ಇತ್ತು. ಅದನ್ನು ನೋಡಿಯೂ ಜನ ಕೇಳುತ್ತಿದ್ದರು. ನಾನೂ ಗೋಡೆ ನೋಡಿ ಉತ್ತರ ಹೇಳುತ್ತಿರಲಿಲ್ಲ. ಫೋನು ಎತ್ತಿ ಹಿಂದಿನ ನಿಲ್ದಾಣಕ್ಕೆ “ಗಾಡಿ ಬಿಟ್ಟಿತೇ?” ಎಂದು ಕೇಳಿ, ಆಮೇಲೆ ಹೇಳುತ್ತಿದ್ದೆ.

ನಿವೃತ್ತನಾಗಿ ಯಲಹಂಕದಲ್ಲಿ ಮಗಳ ಮನೆಗೆ ಬಂದು ಸೇರಿದ ಮೇಲೆ ನನಗೆ ವಿಮಾನದ ಹುಚ್ಚು ಹತ್ತಿತು. ಟೆರೇಸಿನಿಂದ ಉತ್ತರಕ್ಕೆ ನೋಡಿದರೆ ದೇವನಹಳ್ಳಿಗೆ ಇಳಿಯುವ ವಿಮಾನಗಳ ದೀಪ ಕಾಣುತ್ತದೆ. ಚಳಿಗಾಲದಲ್ಲಿ ಮೂಡಗಾಳಿ ಬೀಸುವುದರಿಂದ ಅವು ಪಶ್ಚಿಮದಿಂದ ಬಂದು ಇಳಿಯುತ್ತವೆ. ಮುಂಗಾರು ಹಿಡಿದು ಪಡುವಣ ಗಾಳಿ ತಿರುಗಿತೆಂದರೆ ನನ್ನ ಕಡೆ ಸಾಲು ಬರಿದಾಗಿ, ಇಳಿಯುವವೆಲ್ಲ ಪೂರ್ವದಿಂದ ಬರುತ್ತವೆ. ಮಗಳು ಮೊಬೈಲಿನಲ್ಲಿ ವಿಮಾನಗಳ ಜಾಡು ತೋರಿಸುವ ಆಪ್ ಹಾಕಿಕೊಟ್ಟಳು. ಒಂದು ವಾರ ಬರೀ ನೋಡಿದೆ. ಎರಡನೆಯ ವಾರ ಅಂಗಡಿಯಿಂದ 200 ಪುಟದ ಉದ್ದ ನೋಟ್‌ಬುಕ್ ತಂದು ಸ್ಕೇಲಿನಲ್ಲಿ ಗೆರೆ ಎಳೆದೆ. ಮೂವತ್ತು ವರ್ಷದ ಕೈ ಸುಮ್ಮನಿರಲಿಲ್ಲ.

ಆರಂಭದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಟಿಕೆಟ್ಟಿನ ಮೇಲಿರುವ ಫ್ಲೈಟ್ ನಂಬರ್ ಹಿಡಿದುಕೊಂಡು ಹೊರಟೆ. ಬಸ್ಸಿನ ಲೆಕ್ಕದಲ್ಲಿ ಅದು ಶೆಡ್ಯೂಲ್ ನಂಬರ್ ಇದ್ದ ಹಾಗೆ, ಗಾಡಿಯ ನಂಬರ್ ಅಲ್ಲ. ಹಾಸನ ವಿಭಾಗದ ಬಸ್ಸಿಗೆ ಕೆಎ 13 ಎಫ್ ಎಂದು ಶುರುವಾಗುವ ನೋಂದಣಿ ಇದ್ದಂತೆ, ಭಾರತದ ವಿಮಾನಕ್ಕೆ ವಿಟಿ ಎಂದು ಶುರುವಾಗಿ ಮುಂದೆ ಮೂರು ಅಕ್ಷರ ಬರುವ ನೋಂದಣಿ ಇರುತ್ತದೆ. ಬಾಲದ ಹತ್ತಿರ ಬರೆದಿರುತ್ತಾರೆ, ಆಪ್‌ನಲ್ಲೂ ಕಾಣುತ್ತದೆ. ಆ ಮೂರು ಅಕ್ಷರಗಳನ್ನು ಬರೆಯಲು ಶುರು ಮಾಡಿದ ದಿನದಿಂದ ನನ್ನ ಪುಸ್ತಕಕ್ಕೆ ಅರ್ಥ ಬಂತು.

ಒಂದು ಜನವರಿಯ ಸಂಜೆ ಅಕ್ಕನ ಮಗ ವಿಮಾನ ನಿಲ್ದಾಣದಿಂದ ಫೋನು ಮಾಡಿದ. ಮಂಗಳೂರಿಗೆ ಹೋಗಬೇಕಿದ್ದವನು. “ಮಾವ, ಹವಾಮಾನ ಸರಿ ಇಲ್ಲದ ಕಾರಣ ತಡ ಎಂದು ಮೆಸೇಜ್ ಬಂದಿದೆ. ಇಲ್ಲಿ ಒಂದು ಮೋಡ ಇಲ್ಲ. ಬಜ್ಪೆಯಲ್ಲಿರುವ ಗೆಳೆಯನನ್ನು ಕೇಳಿದೆ, ಅಲ್ಲೂ ಇಲ್ಲವಂತೆ. ಹೀಗೂ ಸುಳ್ಳು ಹೇಳುತ್ತಾರೆಯೇ?” ನನಗೂ ಹಾಗೇ ಅನ್ನಿಸಿತು. ಒಂದು ದೂರು ಬರೆಯೋಣ ಎಂದೇ ಕುಳಿತೆ. ಬರೆಯುವ ಮುಂಚೆ ಅಭ್ಯಾಸದಂತೆ ಗಾಡಿ ಎಲ್ಲಿದೆ ಎಂದು ಹುಡುಕಿದೆ. ಆ ವಿಮಾನ ಹಿಂದಿನ ರಾತ್ರಿ ತಂಗಿದ್ದು ದೆಹಲಿಯಲ್ಲಿ. ಬೆಳಿಗ್ಗೆ ಏಳು ಗಂಟೆಯ ಸುಮಾರಿಗೆ ಹೊರಡಬೇಕಿದ್ದದ್ದು ಅಲ್ಲಿನ ಮಂಜಿನಲ್ಲಿ ಸಿಕ್ಕು ಮೂರೂಕಾಲು ಗಂಟೆ ತಡವಾಗಿ ಎದ್ದಿತ್ತು. ಬೆಂಗಳೂರಿಗೆ ಬಂದು, ಪುಣೆಗೆ ಹೋಗಿ, ಮತ್ತೆ ಬೆಂಗಳೂರಿಗೆ ಬಂದು, ಆಮೇಲೆ ಮಂಗಳೂರಿಗೆ ಹೋಗಬೇಕು. ಪ್ರತಿ ಸುತ್ತಿನಲ್ಲೂ ಕಾಲು ಗಂಟೆ, ಇಪ್ಪತ್ತು ನಿಮಿಷ ಉಳಿಸಿಕೊಂಡು ಬಂದಿದ್ದರೂ ಎರಡು ಗಂಟೆ ಇಪ್ಪತ್ತು ನಿಮಿಷ ಬಾಕಿ ಇತ್ತು. ಮೆಸೇಜು ಸುಳ್ಳಲ್ಲ. ಹವಾಮಾನ ಕೆಟ್ಟಿದ್ದು ದೆಹಲಿಯಲ್ಲಿ, ಅದೂ ಬೆಳಿಗ್ಗೆ. ಅಷ್ಟನ್ನು ಬಿಡಿಸಿ ಹೇಳಿದ್ದರೆ ಹುಡುಗನ ರಕ್ತದೊತ್ತಡ ಏರುತ್ತಿರಲಿಲ್ಲ, ಅಷ್ಟೇ.

ಹೀಗೆ ಹಿಂದಿನ ಸುತ್ತಿನಿಂದ ಹರಿದು ಬರುವ ತಡಕ್ಕೆ ವಿಮಾನಯಾನದವರು ‘ರಿಯಾಕ್ಷನರಿ’ ಎನ್ನುತ್ತಾರೆ. ತಡಕ್ಕೆ ಕಾರಣ ಬರೆಯಲು ಅವರಲ್ಲಿ ಜಗತ್ತಿಗೆಲ್ಲ ಒಂದೇ ಸಂಕೇತಗಳ ಪಟ್ಟಿ ಇದೆ. ಅದರಲ್ಲಿ 93 ಎಂದರೆ ಬರಬೇಕಾದ ವಿಮಾನವೇ ತಡವಾಗಿ ಬಂತು ಎಂದು. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬಿದ್ದಿರುವ ಸಂಖ್ಯೆಯೂ ಅದೇ. ಸುತ್ತುಗಳ ನಡುವೆ ಸ್ವಲ್ಪ ಸಮಯ ಉಳಿಯುವುದಕ್ಕೂ ಕಾರಣವಿದೆ. ಬೆಂಗಳೂರಿನಿಂದ ಮಂಗಳೂರಿಗೆ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಗಿಂತ ಕಡಿಮೆ, ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಮೇಲೆ ಇರುತ್ತದೆ. ನಾವೂ ಘಾಟಿ ದಾರಿಯ ಬಸ್ಸುಗಳಿಗೆ ಹೀಗೆಯೇ ಓಡುವ ಸಮಯ ಧಾರಾಳವಾಗಿ ಇಡುತ್ತಿದ್ದೆವು.

ಈಗ ಯಾರಾದರೂ ಕೇಳಿದರೆ ನಾನು ಮಾಡುವ ಲೆಕ್ಕ ಸರಳ. ಏರ್‌ಬಸ್ 320ರಂಥ ವಿಮಾನ ಬಂದು ನಿಂತು, ಜನ ಇಳಿದು, ಗುಡಿಸಿ, ಎಣ್ಣೆ ತುಂಬಿಸಿ ಮತ್ತೆ ಹೊರಡಲು ಅರ್ಧ ಗಂಟೆಗೆ ಕಡಿಮೆ ಹಿಡಿಯುವುದು ಅಪರೂಪ. ಎಟಿಆರ್ ಎಂಬ ಚಿಕ್ಕ ವಿಮಾನವಾದರೆ ಸ್ವಲ್ಪ ಬೇಗ. ಹೊರಡುವ ಹೊತ್ತಿಗೆ 40 ನಿಮಿಷ ಇರುವಾಗಲೂ ಆ ವಿಮಾನ ಇನ್ನೂ ಆಕಾಶದಲ್ಲಿದ್ದರೆ, ಬೋರ್ಡಿನಲ್ಲಿ ‘ಸಮಯಕ್ಕೆ ಸರಿಯಾಗಿ’ ಎಂದು ಹಸಿರು ಅಕ್ಷರ ಮಿನುಗುತ್ತಿದ್ದರೂ ನಾನು ನಂಬುವುದಿಲ್ಲ. ಆದರೆ ಇದರಲ್ಲೂ ಒಂದು ಸೂಕ್ಷ್ಮವಿದೆ. ಬೆಂಗಳೂರು ದೊಡ್ಡ ಡಿಪೊ ಇದ್ದಂತೆ; ಕೊನೆಯ ಗಳಿಗೆಯಲ್ಲಿ ಬೇರೆ ಗಾಡಿ ಹಾಕಿಬಿಡುತ್ತಾರೆ, ನನ್ನ ಲೆಕ್ಕ ತಲೆಕೆಳಗಾಗುತ್ತದೆ. ಮಂಗಳೂರು, ಬೆಳಗಾವಿ, ಕಲಬುರಗಿಯಿಂದ ಹೊರಡುವವರಿಗೆ ಆ ಭಾಗ್ಯ ಕಡಿಮೆ. ಯಾವುದು ಬರುತ್ತಿದೆಯೋ ಅದರಲ್ಲೇ ಹೋಗಬೇಕು.

ದಿಕ್ಕು ಬದಲಿಸಿ ಬೇರೆ ಊರಿಗೆ ಹೋಗುವ ವಿಮಾನಗಳ ವಿಷಯಕ್ಕೆ ಬಂದರೆ ನನಗೆ 2023ರ ಏಪ್ರಿಲ್ 4 ನೆನಪಾಗುತ್ತದೆ. ಆ ಸಂಜೆ ಗುಡುಗು ಮಳೆ ದೇವನಹಳ್ಳಿಯ ಮೇಲೆ ಬಂದು ಕುಳಿತಿತು. ನಿಲ್ದಾಣದ ಕೆಲಸಕ್ಕೆ ತೊಂದರೆಯಾದದ್ದು 4.05ರಿಂದ 4.51ರವರೆಗೆ, ಒಂದು ಗಂಟೆಯೂ ಇಲ್ಲ. ಅಷ್ಟರಲ್ಲಿ 14 ವಿಮಾನಗಳು ಬೇರೆ ಕಡೆ ಹೋದವು: 12 ಚೆನ್ನೈಗೆ, ಒಂದು ಕೊಯಮತ್ತೂರಿಗೆ, ಒಂದು ಹೈದರಾಬಾದಿಗೆ. ಇಂಥ ಹೊತ್ತಿನಲ್ಲಿ ಮೊಬೈಲಿನ ಪರದೆ ನೋಡಬೇಕು. ವಿಮಾನಗಳು ಓಟದ ಮೈದಾನದ ಆಕಾರದಲ್ಲಿ ಸುತ್ತು ಹಾಕಲು ಶುರು ಮಾಡುತ್ತವೆ, ಸುತ್ತಿಗೆ ಸುಮಾರು ನಾಲ್ಕು ನಿಮಿಷ. ನಾನು ಸುತ್ತು ಎಣಿಸುತ್ತಾ ಕೂರುತ್ತೇನೆ. ಗುರಿಯ ಊರು, ಅಲ್ಲಿಂದ ಬದಲಿ ಊರು, ಅದರ ಮೇಲೆ ಅರ್ಧ ಗಂಟೆಯ ಕಡೆಯ ಮೀಸಲು. ಇಷ್ಟಕ್ಕೆ ಬೇಕಾದ ಎಣ್ಣೆಯನ್ನು ಪೈಲಟ್ ಸುತ್ತು ಹಾಕಲು ಮುಟ್ಟುವ ಹಾಗಿಲ್ಲ. ಉಳಿದದ್ದರಲ್ಲಿ ಮಾತ್ರ ಕಾಯಬಹುದು. ನಾಲ್ಕೈದು ಸುತ್ತಿನ ನಂತರ ಒಂದು ವಿಮಾನ ವೃತ್ತ ಬಿಟ್ಟು ನೇರ ಪೂರ್ವಕ್ಕೆ ಮೂತಿ ತಿರುಗಿಸಿತೆಂದರೆ ಚೆನ್ನೈ ಎಂದು ಬರೆದುಕೊಳ್ಳುವುದೇ. ಶಿರಾಡಿಯಲ್ಲಿ ಗುಡ್ಡ ಜರಿದಾಗ ಬಸ್ಸುಗಳನ್ನು ಚಾರ್ಮಾಡಿಯ ಕಡೆ ತಿರುಗಿಸುತ್ತಿದ್ದ ದಿನಗಳು ಕಣ್ಣ ಮುಂದೆ ಬರುತ್ತವೆ. ಬಸ್ಸಾದರೆ ಸಕಲೇಶಪುರದಲ್ಲಿ ನಿಲ್ಲಿಸಿ ಚಹಾ ಕುಡಿದು ಯೋಚಿಸಬಹುದಿತ್ತು.

ಚೆನ್ನೈಗೆ ಹೋದದ್ದು ಮಳೆ ನಿಂತ ಕೂಡಲೇ ವಾಪಸು ಬರುತ್ತದೆ ಎಂದು ಕಾಯುವವರು ತಿಳಿಯುತ್ತಾರೆ. ಹಾಗಾಗುವುದಿಲ್ಲ. ಒಂದೇ ಸಲಕ್ಕೆ ಹನ್ನೆರಡು ಅತಿಥಿಗಳು ಬಂದಿಳಿದರೆ ಎಣ್ಣೆ ಗಾಡಿಗೂ ಸರದಿ, ನಿಲ್ಲುವ ಜಾಗಕ್ಕೂ ಸರದಿ. ಅಷ್ಟರಲ್ಲಿ ಸಿಬ್ಬಂದಿಯ ಕರ್ತವ್ಯದ ಅವಧಿ ಮುಗಿದರೆ ಹೊಸ ಸಿಬ್ಬಂದಿ ಬರಬೇಕು. ನೆಂಟರನ್ನು ಕರೆತರಲು ಹೊರಟವರಿಗೆ ನಾನು ಮೂರು ಗಂಟೆ ಸೇರಿಸಿಕೊಳ್ಳಿ ಎನ್ನುತ್ತೇನೆ.

ಆಕಾಶ ಹೇಗಿದೆ ಎಂದು ತಿಳಿಯಲು ಮೆಟಾರ್ ಓದುವುದನ್ನು ಕಲಿತೆ. ಬೆಂಗಳೂರಿನಲ್ಲಿ ಅರ್ಧ ಗಂಟೆಗೊಮ್ಮೆ ಹೊರಡಿಸುವ ಹವಾಮಾನ ವರದಿ ಅದು, ನೋಡಲು ಟೆಲಿಗ್ರಾಂ ಭಾಷೆಯ ಹಾಗೆ. ಎಫ್‌ಜಿ ಎಂದರೆ ಮಂಜು, ಟಿಎಸ್‌ಆರ್‌ಎ ಎಂದರೆ ಗುಡುಗು ಸಹಿತ ಮಳೆ. ಸಮಯದ ಮುಂದೆ ಝಡ್ ಇದ್ದರೆ ಅದು ಗ್ರೀನ್‌ವಿಚ್ ಲೆಕ್ಕ, ನಮ್ಮದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ನಾನು ಮೊದಮೊದಲು ಕೂಡಿಸುವುದನ್ನು ಮರೆತು, ಸಂಜೆ ಐದರ ಮಳೆಯನ್ನು ಬೆಳಗಿನ ಹನ್ನೊಂದೂವರೆಗೆ ಸುರಿಸಿ ಪುಟಗಟ್ಟಲೆ ಹೊಡೆದು ಹಾಕಿದ್ದೇನೆ. ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕಂತೂ ಇದು ಬೇಕೇ ಬೇಕು. ನಿಲ್ದಾಣ ಇರುವುದು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಮಂಜು ದಟ್ಟವಾಗಿ ಕವಿಯುತ್ತದೆ. ದಕ್ಷಿಣದ ರನ್‌ವೇಗೆ 2021ರಲ್ಲಿ ದಟ್ಟ ಮಂಜಿನಲ್ಲೂ ಉಪಕರಣಗಳ ನೆರವಿನಿಂದ ಇಳಿಸುವ ‘ಕ್ಯಾಟ್ ತ್ರೀ ಬಿ’ ವ್ಯವಸ್ಥೆ ಬಂದ ಮೇಲೆ 50 ಮೀಟರ್ ಕಂಡರೂ ಇಳಿಯಬಹುದು, 125 ಮೀಟರ್ ಕಂಡರೆ ಏರಬಹುದು. ಅದಕ್ಕೆ ವಿಮಾನವೂ ಪೈಲಟ್ಟೂ ಆ ದರ್ಜೆಗೆ ಅರ್ಹರಾಗಿರಬೇಕು, ಎಲ್ಲರೂ ಇರುವುದಿಲ್ಲ. ಅದರ ಮೇಲೆ ಮಂಜಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂತರ ಹೆಚ್ಚು ಬಿಡುತ್ತಾರೆ. ಹಾಗಾಗಿ ತಡ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಆಪ್ ತೋರಿಸಿದ್ದೆಲ್ಲ ನಿಜ ಎಂದು ನಂಬಿ ಒಮ್ಮೆ ಮರ್ಯಾದೆ ಕಳೆದುಕೊಂಡೆ. ವಿಮಾನ ತಾನಿರುವ ಜಾಗವನ್ನು ತಾನೇ 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಾ ಹೋಗುತ್ತದೆ, ನೆಲದ ಮೇಲಿನ ರಿಸೀವರ್‌ಗಳು ಅದನ್ನು ಹಿಡಿದು ಆಪ್‌ಗೆ ಕಳಿಸುತ್ತವೆ. ವಿಮಾನ ತಗ್ಗಿಗೆ ಬಂದು ಗುಡ್ಡವೋ ಕಟ್ಟಡವೋ ಅಡ್ಡವಾದರೆ ಸಂಕೇತ ಸಿಗುವುದಿಲ್ಲ. ಆಗ ಆಪ್ ಅಂದಾಜಿನ ಮೇಲೆ ಚಿತ್ರವನ್ನು ಸ್ವಲ್ಪ ಹೊತ್ತು ಮುಂದಕ್ಕೆ ಎಳೆಯುತ್ತದೆ. ಬೀಗರು ಬರುತ್ತಿದ್ದ ವಿಮಾನ ರನ್‌ವೇ ಹತ್ತಿರ ಬಂದು ಇಳಿಯದೆ ಮೇಲೆದ್ದು, ಪರದೆಯ ಮೇಲೆ ಹಾಗೇ ಮುಂದಕ್ಕೆ ಸಾಗಿದ್ದನ್ನು ನೋಡಿದೆ. ಚೆನ್ನೈಗೆ ಹೋಯಿತು ಎಂದು ಅಳಿಯನಿಗೆ ಫೋನು ಮಾಡಿಯೇಬಿಟ್ಟೆ. ಆತ ಸಾದಹಳ್ಳಿ ಟೋಲ್ ದಾಟುವ ಮುಂಚೆಯೇ ಕಾರು ತಿರುಗಿಸಿ ಬಂದ. ವಿಮಾನ ಒಂದು ಸುತ್ತು ಹಾಕಿ ಹದಿನೈದು ನಿಮಿಷದಲ್ಲಿ ಇಳಿದಿತ್ತು. ಬೀಗರು ಎರಡು ಸೂಟ್‌ಕೇಸ್, ಒಂದು ಹಲಸಿನ ಹಣ್ಣಿನೊಂದಿಗೆ ಮುಕ್ಕಾಲು ಗಂಟೆ ಹೊರಗೆ ನಿಂತರು. ಅಂದಿನಿಂದ ಎರಡು ಕಡೆ ಖಚಿತವಾಗದೆ ಬಾಯಿ ಬಿಡುವುದಿಲ್ಲ: ಆಪ್‌ನ ಜಾಡು, ಮತ್ತೆ ನಿಲ್ದಾಣದ್ದೇ ಆದ ಆಗಮನದ ಪಟ್ಟಿ. ಪೈಲಟ್‌ಗಳ ಮಾತು ಕೇಳಿಸಿಕೊಳ್ಳುವ ರೇಡಿಯೊ ತಂದುಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು. ಅದಕ್ಕೆ ಪರವಾನಗಿ ಬೇಕು. ಸರ್ಕಾರಿ ನೌಕರಿ ಮಾಡಿದವನಿಗೆ ಅಂಥ ಧೈರ್ಯ ಬರುವುದಿಲ್ಲ.

ಹಣದ ವಿಷಯವನ್ನೂ ಜನ ಕೇಳುತ್ತಾರೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ ಎರಡೂವರೆ ಗಂಟೆಯೊಳಗಿನ ಪ್ರಯಾಣ ಎರಡು ಗಂಟೆ ತಡವಾದರೆ ತಿಂಡಿ ತೀರ್ಥ ಕೊಡಬೇಕು. ಸರಿಯಾದ ಮುನ್ಸೂಚನೆ ಇಲ್ಲದೆ ರದ್ದು ಮಾಡಿದರೆ ಪ್ರಯಾಣದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಈ ಪರಿಹಾರವಿಲ್ಲ. ಅದಕ್ಕೇ ನೋಂದಣಿ ಅಕ್ಷರ, ಆ ಹೊತ್ತಿನ ಮೆಟಾರ್ ಎರಡರ ಚಿತ್ರವನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ ಎನ್ನುತ್ತೇನೆ.

ನನ್ನ ವಿದ್ಯೆಯೆಲ್ಲ ಮಣ್ಣುಗೂಡಿದ್ದು 2025ರ ಡಿಸೆಂಬರ್ ಮೊದಲ ವಾರದಲ್ಲಿ. ಪೈಲಟ್‌ಗಳ ಕರ್ತವ್ಯ ಅವಧಿಯ ಹೊಸ ನಿಯಮದ ಎರಡನೆಯ ಹಂತ ನವೆಂಬರ್ 1ಕ್ಕೆ ಜಾರಿಯಾಗಿತ್ತು. ವಾರದ ವಿಶ್ರಾಂತಿ ಅದಕ್ಕೂ ಮೊದಲೇ 36 ಗಂಟೆಯಿಂದ 48ಕ್ಕೆ ಏರಿತ್ತು, ಈಗ ರಾತ್ರಿ ಇಳಿಸುವಿಕೆಗೂ ಮಿತಿ ಬಿಗಿಯಾಯಿತು. ದೇಶದ ಅತಿ ದೊಡ್ಡ ವಿಮಾನಯಾನ ಸಂಸ್ಥೆಯಾದ ಇಂಡಿಗೋದಲ್ಲಿ ಅದಕ್ಕೆ ತಕ್ಕಷ್ಟು ಪೈಲಟ್‌ಗಳಿರಲಿಲ್ಲ. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ನಿಯಮ ತಪ್ಪು ಎಂದು ನಾನು ಹೇಳಲಾರೆ. ನಿದ್ದೆಗೆಟ್ಟ ಚಾಲಕನನ್ನು ರಾತ್ರಿ ಘಾಟಿ ಇಳಿಸಿದರೆ ಏನಾಗುತ್ತದೆ ಎಂದು ನೋಡಿದವನು ನಾನು. ಆದರೆ ನನ್ನ ಪುಸ್ತಕದಲ್ಲಿ ಅದನ್ನು ಬರೆಯಲು ಅಂಕಣವೇ ಇರಲಿಲ್ಲ. ಮೆಟಾರ್ ನಿರ್ಮಲವಾಗಿತ್ತು. ವಿಮಾನಗಳು ಸಾಲಾಗಿ ನಿಂತಿದ್ದವು, ಯಾವುದೂ ಕೆಟ್ಟಿರಲಿಲ್ಲ.

ಆ ಸಂಜೆ ತಮ್ಮನ ಮಗಳು ನಿಲ್ದಾಣದಿಂದ ಫೋನು ಮಾಡಿದಳು. ಹುಬ್ಬಳ್ಳಿಯಲ್ಲಿ ಮರುದಿನ ಅವಳ ಗೆಳತಿಯ ಮದುವೆ. “ದೊಡ್ಡಪ್ಪ, ಗಾಡಿ ಎಲ್ಲಿದೆ ನೋಡಿ ಹೇಳಿ.”

ನೋಡಿದೆ. “ನಿನ್ನ ಎದುರಿಗೇ ನಿಂತಿದೆಯಮ್ಮ. ಮಧ್ಯಾಹ್ನದಿಂದ ಅಲ್ಲೇ ಇದೆ. ನೀನು ಮೆಜೆಸ್ಟಿಕ್‌ಗೆ ಹೊರಡು.”

ಅವಳು ಅಲ್ಲಿಂದ ಬಂದು ರಾತ್ರಿಯ ಸ್ಲೀಪರ್ ಬಸ್ ಹತ್ತುವಷ್ಟರಲ್ಲಿ ನಾನು ಹಳೆಯ ಸಹೋದ್ಯೋಗಿಗೆ ಫೋನು ಮಾಡಿ ಗಾಡಿ ಬಿಟ್ಟಿತೇ ಎಂದು ಕೇಳಿದ್ದೆ. ಬಸ್ಸು ಹುಬ್ಬಳ್ಳಿ ಮುಟ್ಟಿದ್ದು ಇಪ್ಪತ್ತು ನಿಮಿಷ ತಡವಾಗಿ. ಅವಳಿಂದ ಬಸ್ಸಿನ ನಂಬರ್ ಕೇಳಿ ತಿಳಿದುಕೊಂಡು, ವಿಟಿ ಎಂದು ಬರೆಯುವ ಅಂಕಣದಲ್ಲಿ ಕೆಎ ಎಂದು ಬರೆದೆ.